ಪರ್ತಿನ ಹಿತ್ತಲಿನಲ್ಲಿ ಒಂದು ಮಣ್ಣಿನ ಮೊಟ್ಟೆ

ಬಂಗಾರಪೇಟೆ, ಸ್ಟೇಷನ್ ಹಿಂದುಗಡೆ

ವಿಮಾನದ ಕಿಟಕಿಯಿಂದ ಮೋಡ ಹೇಗೆ ಕಂಡಿತು ಎಂದು ನಾನು ಬರೆಯುವುದಿಲ್ಲ. ಮೋಡ ಬಂಗಾರಪೇಟೆಯಿಂದಲೂ ಕಾಣುತ್ತದೆ. ನಾನು ಆಸ್ಟ್ರೇಲಿಯಾಕ್ಕೆ ಹೋಗಿದ್ದು ಒಂದು ಒಲೆ ಕೊಳ್ಳುವುದಕ್ಕೆ. ಹೀಗೆಂದರೆ ನಮ್ಮ ಬೀದಿಯವರು ಇವತ್ತಿಗೂ ನಂಬುವುದಿಲ್ಲ. ಹೊರಡುವ ದಿನ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದ ಪಕ್ಕದ ಮನೆಯವಳು ಕೇಳಿಯೇಬಿಟ್ಟಳು: "ಯಾಕ್ ರತ್ನಮ್ಮಕ್ಕಾ, ಇಲ್ಲಿ ಒಲೆ ಸಿಗಾಕಿಲ್ವಾ?"

ಸ್ಟೇಷನ್ ಹಿಂದೆ ನನ್ನದೂ ನನ್ನ ಗಂಡ ನಂಜಪ್ಪನದೂ ಒಂದು ಸಣ್ಣ ಮಿಲ್ಟ್ರಿ ಹೋಟೆಲ್ ಇದೆ. ಮುದ್ದೆ, ಮಟನ್ ಸಾರು, ತಲೆಮಾಂಸ. ಬೆಂಗಳೂರಿನಿಂದ ರೈಲು ಇಳಿದವರು ಮನೆಗೆ ಹೋಗುವ ಮುಂಚೆ ನಮ್ಮಲ್ಲಿ ಕೈತೊಳೆಯುತ್ತಾರೆ. ನನ್ನ ತವರು ಕ್ಯಾಸಂಬಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಕೆಜಿಎಫ್‌ಗೆ ಹೋಗಿ ಪಿಯುಸಿ ಓದುತ್ತಿದ್ದಾಗ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಫಿಲೋಮಿನಾ. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಮೇಷ್ಟ್ರಿಗೆ ಬೈಯುವಾಗ ತೆಲುಗು. ಅವಳು ಗಣಿಯವರ ಮನೆಯ ಆಂಗ್ಲೋ ಇಂಡಿಯನ್ ಹುಡುಗ ಡೆರಿಕ್‌ನನ್ನು ಮದುವೆಯಾದಳು. ಗಣಿ ಮುಚ್ಚಿದ ಮೇಲೆ ಅವರ ಕಡೆಯವರೆಲ್ಲ ಒಬ್ಬೊಬ್ಬರಾಗಿ ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು. ಅಲ್ಲೂ ಚಿನ್ನದ ಸೀಮೆಯೇ. ಮಣ್ಣಿನ ವಾಸನೆ ಹಿಡಿದು ಹೋದರೋ ಏನೋ.

ಈ ವರ್ಷ ಯುಗಾದಿ ಮುಗಿದ ಮೇಲೆ ಫಿಲೋ ಫೋನ್ ಮಾಡಿದಳು. "ಲೇ ರತ್ನೀ, ನಮ್ಮೋನು ಮಾಂಸಕ್ಕೆ ಒಗೆ ಆಕೋ ಒಲೆ ತಗೋತಾನಂತೆ. ಕೆಜಿಎಫ್‌ನೋರ್ನೆಲ್ಲ ಭಾನ್ವಾರ ಊಟಕ್ಕೆ ಕರ್ದವ್ನೆ. ಅವ್ನಿಗೆ ಮಾಂಸ ತಿನ್ನಾಕೆ ಬತ್ತದೆ, ಮಾಡಾಕೆ ಬರಾಕಿಲ್ಲ. ನೀನು ಬಾ. ಟಿಕೆಟ್ ನಂದು."

"ಊಟಕ್ಕೆ ಇಷ್ಟು ದೂರ ಬರ್ಬೇಕೇನೇ?"

"ನೆವಿಲ್ ಬತ್ತಾ ಅವ್ನೆ ಕಣೇ."

ಅಲ್ಲಿಗೆ ವಿಷಯ ಗೊತ್ತಾಯಿತು. ನೆವಿಲ್ ಡೆರಿಕ್‌ನ ಅಣ್ಣ. ಇಡೀ ಪರ್ತ್‌ನ ಕೆಜಿಎಫ್ ಜನಕ್ಕೆ ಮಾಂಸಕ್ಕೆ ಹೊಗೆ ಕೊಡುವುದರಲ್ಲಿ ಅವನೇ ಗುರು. ಒಂದು ಕ್ರಿಸ್‌ಮಸ್ ಊಟದಲ್ಲಿ ಡೆರಿಕ್ ಅಣ್ಣನ ಮಾಂಸ ಅಗಿದು, ಇದರಲ್ಲಿ ಚಪ್ಪಲಿ ಹೊಲಿಸಬಹುದು ಎಂದು ಎಲ್ಲರೆದುರಿಗೆ ಹೇಳಿದ್ದ. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಹೆಂಡತಿಯರು ಫೋನಿನಲ್ಲಿ ಮಾತಾಡಿಕೊಂಡು ಸಂಬಂಧ ಉಳಿಸಿದ್ದರು.

"ತಿನ್ನಾಕೆ ಬತ್ತಾ ಇಲ್ಲ ಅವ್ನು. ಇವ್ನು ಎಂಗೆ ಕೆಡಿಸ್ತಾನೆ ಅಂತ ನೋಡಾಕೆ ಬತ್ತಾ ಅವ್ನೆ," ಎಂದಳು ಫಿಲೋ. ಅವಳ ದನಿ ಅಳುವ ಹಾಗಿತ್ತು.

ನಂಜಪ್ಪನಿಗೆ ಹೇಳಿದೆ. ಅವನು ಕೊತ್ತಂಬರಿ ಸೋಸುತ್ತ ಕೂತಿದ್ದ. "ಒಗೆ ಕುಡ್ದಿರೋ ಮಾಂಸಾನಾ? ಇಷ್ಟು ವರ್ಷ ಒಲೆ ಮುಂದೆ ನಿಂತಿದ್ದೀಯ. ಅವ್ರಿಗೆ ನಿನ್ನೇ ಬಡಿಸ್ಬೌದು. ಓಗ್ಬುಟ್ಟು ಬಾ," ಎಂದ.

ಪರ್ತ್, ನಾಯಿಯ ಮುಂದೆ

ಆ ದೇಶದಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಒಂದು ನಾಯಿ. ವಿಮಾನ ನಿಲ್ದಾಣದಲ್ಲಿ ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ಎದ್ದೇಳಲಿಲ್ಲ. ಅದರ ಜೊತೆಗಿದ್ದ ಹೆಂಗಸು ನಗುತ್ತಲೇ ಚೀಲ ಬಿಚ್ಚಿಸಿದಳು. ಒಣ ಅವರೆಕಾಳು, ಹುರುಳಿ, ಸೀರೆ ಮಡಿಕೆಯಲ್ಲಿ ಕರಿಬೇವು, ಗಿರಣಿಯವನಿಂದ ಪ್ಯಾಕೆಟ್ ಮಾಡಿಸಿದ್ದ ರಾಗಿಹಿಟ್ಟು ಮೇಜಿನ ಮೇಲೆ ಸಾಲಾಗಿ ಕೂತವು. ನಮ್ಮೂರ ಸಂತೆಯಲ್ಲಿ ಅಂಗಡಿ ಹಾಕಿದ ಹಾಗಿತ್ತು.

ಕಾಳು, ಸೊಪ್ಪು ಒಳಗೆ ಬಿಡುವ ಹಾಗಿಲ್ಲವಂತೆ, ಮೊಳೆತುಬಿಡುತ್ತವಂತೆ. ಮೊಳೆತರೆ ಒಳ್ಳೆಯದಲ್ಲವೇ ಎಂದು ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಕೇಳಿದೆ. ಅವಳಿಗೆ ಅದು ಎಷ್ಟು ಅರ್ಥವಾಯಿತೋ, ಕಾಳನ್ನೆಲ್ಲ ಡಬ್ಬಕ್ಕೆ ಸುರಿದಳು. ರಾಗಿಹಿಟ್ಟನ್ನು ಮಾತ್ರ ಮೂಗಿನ ಹತ್ತಿರ ಹಿಡಿದು, ಮುಖ ಹಿಂಡಿ, ವಾಪಸ್ ಕೊಟ್ಟಳು. ನಾಯಿ ಎದ್ದು ಬೇರೆಯವರನ್ನು ಮೂಸಲು ಹೋಯಿತು.

ಹೊರಗೆ ಫಿಲೋ ನಿಂತಿದ್ದಳು. ಕೂದಲು ಕತ್ತರಿಸಿದ್ದಳು, ಪ್ಯಾಂಟು ಹಾಕಿದ್ದಳು. ಬಾಯಿ ಬಿಟ್ಟರೆ ಅದೇ ಹುಡುಗಿ. "ಅವರೆಕಾಳು ಕಿತ್ಕೊಂಡ್ರಾ? ಪಾಪಿಗಳು," ಎಂದು ಅಪ್ಪಿಕೊಂಡಳು.

ಒಲೆಯಂಗಡಿ

ಒಲೆಗೆಂದೇ ಒಂದು ಅಂಗಡಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮದುವೆ ಛತ್ರದಷ್ಟು ದೊಡ್ಡದು. ಗ್ಯಾಸಿನವು, ಕಬ್ಬಿಣದ ಪೀಪಾಯಿಯಂಥವು, ಕೊನೆಯಲ್ಲಿ ಮಣ್ಣಿನವು. ಮಣ್ಣಿನದೆಂದರೆ ನಮ್ಮ ಮಡಕೆಯಲ್ಲ. ಗೇಣುದ್ದದ ಕಾಲಿನ ಮೇಲೆ ದೊಡ್ಡ ಮೊಟ್ಟೆ ಇಟ್ಟಂತಿತ್ತು, ಮೇಲೆಲ್ಲ ನೀಲಿ ಹೊಳಪು. ಮೊಟ್ಟೆಯ ಅರ್ಧ ಮುಚ್ಚಳ. ಕೆಳಗೊಂದು ಕಿಂಡಿ, ನೆತ್ತಿಯಲ್ಲೊಂದು ಕಿಂಡಿ.

ಅಂಗಡಿಯ ಉದ್ದನೆಯ ಮನುಷ್ಯ ತಾಳ್ಮೆಯಿಂದ ಹೇಳಿಕೊಟ್ಟ. ಕಬ್ಬಿಣ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಈ ಪಿಂಗಾಣಿ ಗೋಡೆ ದಪ್ಪ. ಒಮ್ಮೆ ಕಾದರೆ ಒಂದು ಬುಟ್ಟಿ ಇದ್ದಿಲಿನಲ್ಲಿ ಇಡೀ ದಿನ ಒಂದೇ ಹದದ ಬಿಸಿ ಹಿಡಿದಿರುತ್ತದೆ. ಕಿಂಡಿ ಕಿರಿದು ಮಾಡಿದರೆ ಬಿಸಿ ಇಳಿಯುತ್ತದೆ, ತೆರೆದರೆ ಏರುತ್ತದೆ. ಬೆಂಕಿಗೂ ಮಾಂಸಕ್ಕೂ ನಡುವೆ ಒಂದು ಪಿಂಗಾಣಿ ತಟ್ಟೆ. ಮಾಂಸ ಸುಡುವುದಿಲ್ಲ, ನಿಧಾನವಾಗಿ ಬೇಯುತ್ತ ಹೊಗೆ ಕುಡಿಯುತ್ತದೆ.

ಡೆರಿಕ್ ಮೂರು ಮೊಟ್ಟೆಗಳ ಸುತ್ತ ಪ್ರದಕ್ಷಿಣೆ ಹಾಕಿದ. ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತ. "ಇದು ನೆವಿಲ್ ಹತ್ರ ಇರೋದಕ್ಕಿಂತ ಒಂದು ಸೈಜ್ ದೊಡ್ಡದು ಮಾ," ಎಂದು ನನಗೆ ಮೆಲ್ಲಗೆ ಹೇಳಿದ.

ಮಣ್ಣಿನ ಪಾತ್ರೆ ಕೊಳ್ಳುವ ಕ್ರಮ ನನಗೆ ಗೊತ್ತು. ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡಬೇಕು. ಬಡಿದೆ. ಡಬ್ ಎಂದಿತು. "ಡೆರಿಕ್ಕಣ್ಣ, ಇದು ಬಿರುಕು ಬಿಟ್ಟೈತೆ," ಎಂದು ಗಟ್ಟಿಯಾಗಿ ಹೇಳಿದೆ. ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಅಂಗಡಿಯವನ ಮುಖ ಸಣ್ಣಗಾಯಿತು. ಮುಚ್ಚಳ ಎತ್ತಿದ. ಒಳಗೆ ರಟ್ಟಿನ ಡಬ್ಬಗಳು, ಥರ್ಮೋಕೋಲು, ಜಾಲರಿ, ತಟ್ಟೆ ಎಲ್ಲ ಅಕ್ಕಿಮೂಟೆಯ ಹಾಗೆ ತುಂಬಿದ್ದವು. ಒಂದೊಂದಾಗಿ ತೆಗೆದಿಟ್ಟು, ಮತ್ತೆ ಬಡಿಯಲು ನನಗೇ ಕೈತೋರಿಸಿದ. ಈ ಸಲ ದೇವಸ್ಥಾನದ ಗಂಟೆಯಂತೆ ಠಣ್ ಎಂದಿತು. ಫಿಲೋ ಇದ್ದಿಲ ಚೀಲಗಳ ಹಿಂದೆ ಹೋಗಿ ನಿಂತಳು. ನನ್ನ ಪರಿಚಯವಿಲ್ಲದವಳ ಹಾಗೆ.

ಸೈಜಿನ ಜಗಳವನ್ನು ನಾನೇ ಮುಗಿಸಿದೆ. ಕುರಿಯ ಎರಡು ಭುಜ ಒಂದಕ್ಕೊಂದು ತಾಗದೆ ಮಲಗಬೇಕು, ಅಷ್ಟು ಜಾಗ ಸಾಕು. ಭುಜ ಕೈಯಲ್ಲಿರಲಿಲ್ಲ. ನನ್ನ ವ್ಯಾನಿಟಿ ಬ್ಯಾಗನ್ನೂ ಫಿಲೋಳದನ್ನೂ ಜಾಲರಿಯ ಮೇಲೆ ಮಲಗಿಸಿ ಮುಚ್ಚಳ ಹಾಕಿ ನೋಡಿದೆ. ನಡುವಿನ ಸೈಜು ಸರಿಹೋಯಿತು. ಆ ಕಡೆ ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತು, ಹ್ಯಾಂಡ್‌ಬ್ಯಾಗು ಬೇಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ನೆವಿಲ್‌ನದೂ ಅದೇ ಸೈಜು ಎಂದು ಡೆರಿಕ್ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ.

ಹಿತ್ತಲು, ಶುಕ್ರವಾರ

ಭಾನುವಾರಕ್ಕೆ ಮೊದಲು ಒಂದು ಸಣ್ಣ ತುಂಡಿನಲ್ಲಿ ಕೈ ನೋಡಿಕೊಳ್ಳೋಣ ಎಂದು ಗೊತ್ತುಮಾಡಿದೆವು. ಡೆರಿಕ್ ಇದ್ದಿಲು ಹೊತ್ತಿಸಿ, ಅಂಗಡಿಯವನು ಕೊಟ್ಟ ಸೇಬಿನ ಮರದ ಎರಡು ತುಂಡು ಹಾಕಿ, ಮಾಂಸ ಇಟ್ಟು ಮುಚ್ಚಳ ಮುಚ್ಚಿದ. "ಇನ್ನು ತೆಗೀಬಾರದು. ಚುಮ್ಮಾ ಇರಬೇಕು," ಎಂದು ಹೇಳಿ ಸ್ನಾನಕ್ಕೆ ಹೋದ.

ನೆತ್ತಿಯ ಕಿಂಡಿಯಿಂದ ಹೊಗೆ ಬರುತ್ತಿತ್ತು, ಊದಿನಕಡ್ಡಿಯಷ್ಟು. ಅದೂ ನೀಲಿಯಾಗಿ, ಕಂಡೂ ಕಾಣದ ಹಾಗೆ. ನನಗೆ ನಾಚಿಕೆಯಾಯಿತು. ಬಂಗಾರಪೇಟೆಯಲ್ಲಿ ನನ್ನ ಒಲೆ ಹೊತ್ತಿತೆಂದರೆ ಪ್ಲಾಟ್‌ಫಾರಂನವರು ಕೆಮ್ಮುತ್ತಾರೆ. ಬೇಲಿಯ ಆಚೆ ದೊಡ್ಡದೊಂದು ನೀಲಗಿರಿ ಮರ ನಿಂತಿತ್ತು. ಕೆಜಿಎಫ್ ಸುತ್ತಲಿನ ನೀಲಗಿರಿ ತೋಪುಗಳಲ್ಲಿ ಸೌದೆ ಆರಿಸಿ ಬೆಳೆದವಳು ನಾನು. ಆ ಮರದ ತವರುಮನೆಗೇ ಬಂದು ಅದನ್ನು ಮಾತಾಡಿಸದೆ ಇರುವುದು ಹೇಗೆ? ಹಸಿ ಸೊಪ್ಪು ಎರಡು ಹಿಡಿ ಕಿತ್ತು, ಮುಚ್ಚಳ ಎತ್ತಿ, ಕೆಂಡದ ಅಂಚಿಗೆ ತುರುಕಿದೆ. ಆಗ ಬಂತು ನೋಡಿ ಹೊಗೆ, ಗಣಿಯ ಚಿಮಣಿ ಮತ್ತೆ ತೆರೆದ ಹಾಗೆ.

ಮುಚ್ಚಳ ತೆಗೆದದ್ದರಿಂದ ಗಾಳಿ ನುಗ್ಗಿ, ಮುಚ್ಚಳದ ಮೇಲಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಸ್ನಾನ ಮುಗಿಸಿ ಬಂದ ಡೆರಿಕ್ ಗಾಬರಿಯಾಗಿ ಎರಡೂ ಕಿಂಡಿ ಮುಚ್ಚಿ, ಪಕ್ಕದಲ್ಲಿ ಬಗ್ಗಿ ಮುಳ್ಳು ನೋಡುತ್ತ ನಿಂತ. ಈಗ ಹೊಗೆ ಪೂರ್ತಿ ನಿಂತುಹೋಯಿತು. ಆರಿಹೋಯಿತೇನೋ ಎಂದು ನಾನು ಮುಚ್ಚಳವನ್ನು ಒಂದೇ ಸಲ ಎತ್ತಿಬಿಟ್ಟೆ. ಉಸಿರುಕಟ್ಟಿ ಒಳಗಿದ್ದ ಬೆಂಕಿ ಗಾಳಿ ಕಂಡದ್ದೇ ಭುಸ್ ಎಂದು ಆಳೆತ್ತರ ಹಾರಿತು. ದೇವರು ದೊಡ್ಡವನು, ಹೋಗಿದ್ದು ಡೆರಿಕ್‌ನ ಎಡಗಡೆಯ ಹುಬ್ಬು ಮಾತ್ರ.

ಮುಚ್ಚಳವನ್ನು ಬೆರಳಷ್ಟು ಎತ್ತಿ, ಅದು ಎರಡು ಸಲ ಉಸಿರಾಡಲು ಬಿಟ್ಟು, ಆಮೇಲೆ ಪೂರ್ತಿ ತೆಗೆಯಬೇಕಂತೆ. ಇದನ್ನು ಅವನು ಹಣೆಗೆ ಐಸ್ ಒತ್ತಿಕೊಂಡು ಹೇಳಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಾಂಸ ಬೆಂದಿತ್ತು. ಬಾಯಿಗಿಟ್ಟ ಫಿಲೋ ಅಗಿಯುವುದನ್ನು ನಿಲ್ಲಿಸಿದಳು. "ನೆಗಡಿ ಬಂದೋರಿಗೆ ಕೊಡ್ಬೌದು ಕಣೇ," ಎಂದಳು. ನಿಜ. ಮುಲಾಮು ಹಚ್ಚಿದ ಎದೆಯ ವಾಸನೆ. ಪಕ್ಕದ ಮನೆಯ ನಾಯಿಗೆ ಹಾಕಿದೆವು. ಅದು ಮೂಸಿ, ನಮ್ಮ ಮುಖ ನೋಡಿ, ಒಳಗೆ ಹೋಯಿತು.

ಸಂಜೆ ಡೆರಿಕ್ ಹಿತ್ತಲಿನ ಮೆಟ್ಟಿಲ ಮೇಲೆ ಕೂತು, "ನೆವಿಲ್‌ಗೆ ಬರಬೇಡ ಅಂತ ಹೇಳಿಬಿಡಲಾ?" ಎಂದ. ಅಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯಾಗಿತ್ತು.

"ಬರ್ಲಿ ಬಿಡಣ್ಣ. ಭಾನ್ವಾರ ನಾನು ಮುಚ್ಚಳ ಮುಟ್ಟಾಕಿಲ್ಲ," ಎಂದೆ.

ಹಿತ್ತಲು, ಭಾನುವಾರ

ಬೆಳಕು ಹರಿಯುವ ಮೊದಲೇ ಎರಡು ಭುಜಗಳಿಗೆ ಉಪ್ಪು, ಮೆಣಸು, ಖಾರದಪುಡಿ, ಬೆಳ್ಳುಳ್ಳಿ ಹಚ್ಚಿ ಮೊಟ್ಟೆಯೊಳಗೆ ಮಲಗಿಸಿದೆವು. ಸೇಬಿನ ಮರ ಎರಡೇ ತುಂಡು. ನೀಲಿ ಹೊಗೆ ಸಣ್ಣಗೆ ಎದ್ದಿತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ.

ನೆವಿಲ್ ಎಲ್ಲರಿಗಿಂತ ಮೊದಲೇ ಬಂದ. ಆಳು ಎತ್ತರ, ತಲೆಯ ಮೇಲೆ ಅಗಲದ ಹ್ಯಾಟು. ತನ್ನ ಕುರ್ಚಿಯನ್ನು ತಾನೇ ತಂದಿದ್ದ. ತಮ್ಮನ ಮನೆಯ ಕುರ್ಚಿಯಲ್ಲಿ ಕೂರಬಾರದೆಂಬ ಪಣವೇನೋ. ಮೊಟ್ಟೆಯ ಬಲಕ್ಕೆ ಹಾಕಿಕೊಂಡು ಕೂತ. ಡೆರಿಕ್ ತನ್ನ ಕುರ್ಚಿ ತಂದು ಎಡಕ್ಕೆ ಕೂತ. ಇಬ್ಬರೂ ಮೊಟ್ಟೆಯನ್ನು ನೋಡುತ್ತಿದ್ದರು. ನಾನು ನಡುವೆ.

"ಹುಬ್ಬು ಏನಾಯ್ತು ಅಂತ ಕೇಳಮ್ಮಾ," ಎಂದ ನೆವಿಲ್, ನನ್ನ ಕಡೆ ನೋಡಿ.

"ಶೇವ್ ಮಾಡುವಾಗ ಕೈ ಜಾರಿತು ಅಂತ ಹೇಳಮ್ಮಾ," ಎಂದ ಡೆರಿಕ್.

ಇಬ್ಬರಿಗೂ ಕೇಳಿಸಿದ್ದನ್ನು ನಾನು ಮತ್ತೆ ಇಬ್ಬರಿಗೂ ಹೇಳಿದೆ.

ಮಾಂಸಕ್ಕೆ ಚುಚ್ಚಿದ್ದ ಥರ್ಮಾಮೀಟರಿನ ಮುಳ್ಳು ಹತ್ತು ಗಂಟೆಯವರೆಗೆ ಚೆನ್ನಾಗಿ ಏರಿತು. ಆಮೇಲೆ ನಿಂತಿತು. ಕ್ರಾಸಿಂಗಿಗೆ ನಿಂತ ಪ್ಯಾಸೆಂಜರ್ ರೈಲಿನ ಹಾಗೆ, ಯಾಕೆ ನಿಂತಿದೆ, ಯಾವಾಗ ಹೊರಡುತ್ತದೆ, ಹೇಳುವವರಿಲ್ಲ. ಜನ ಬರಲಾರಂಭಿಸಿದರು. ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಎಂದು ಕೆಜಿಎಫ್‌ನ ತಂತಮ್ಮ ಜಾಗ ಹೇಳಿಕೊಂಡು ಕೈಕುಲುಕುವ ಹಿರಿಯರು. ಹನ್ನೆರಡಾಯಿತು. ಮುಳ್ಳು ಅಲ್ಲೇ. ನೆವಿಲ್ ಹ್ಯಾಟು ಕಣ್ಣಿಗೆ ಇಳಿಸಿ ಕೂತಿದ್ದ. ಅದರ ಕೆಳಗೆ ಅವನ ಬಾಯಿ ಮಾತ್ರ ಕಾಣುತ್ತಿತ್ತು. ಅದು ನಗುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಫಿಲೋ ನನ್ನನ್ನು ಅಡುಗೆಮನೆಗೆ ಎಳೆದಳು. "ಏನ್ ಮಾಡೋದೇ? ಎಲ್ಲಾ ಅಸ್ಕೊಂಡವ್ರೆ."

"ಫ್ರಿಜ್‌ನಲ್ಲಿ ಮಟನ್ ಐತಾ?"

ಇತ್ತು. ನಾಯಿ ಬಿಟ್ಟುಕೊಟ್ಟ ರಾಗಿಹಿಟ್ಟೂ ಇತ್ತು. ಕುಕ್ಕರು ಕೂಗಿತು, ಮುದ್ದೆ ಎದ್ದಿತು. ಮೊದಲ ಮುದ್ದೆ ಕಂಡ ಊರ್ಗಾಂನ ಹಿರಿಯರೊಬ್ಬರು ಚಮಚ ಪಕ್ಕಕ್ಕಿಟ್ಟು ಅಂಗಿಯ ತೋಳು ಮಡಿಸಿದರು. ಆಮೇಲೆ ಯಾರೂ ಚಮಚ ಕೇಳಲಿಲ್ಲ. ಇಬ್ಬರು ಮಾತ್ರ ಊಟಕ್ಕೆ ಬರಲಿಲ್ಲ. ಅವರು ಮೊಟ್ಟೆಯ ಎಡಬಲದಲ್ಲೇ ಇದ್ದರು.

ನಾನು ತಟ್ಟೆ ಒಯ್ದೆ. ಡೆರಿಕ್ ಬೇಡವೆಂದ. ಇದ್ದಿಲು ಸುರಿದು ಎರಡೂ ಕಿಂಡಿ ಪೂರ್ತಿ ತೆರೆಯುತ್ತೇನೆ ಎಂದು ಚೀಲ ತರಲು ಹೊರಟ. ಆಗ ನೆವಿಲ್ ನನ್ನ ಸೆರಗು ಜಗ್ಗಿ, ತಮಿಳು ಕನ್ನಡ ಬೆರೆಸಿ ಪಿಸುಗುಟ್ಟಿದ.

"ಬೆಂಕಿ ಜಾಸ್ತಿ ಮಾಡಿದ್ರೆ ಹಾಳಾಗುತ್ತಮ್ಮಾ. ಮಾಂಸ ಬೆವರ್ತಾ ಇದೆ, ಅದಕ್ಕೇ ನಿಂತಿದೆ. ಪೇಪರ್‌ನಲ್ಲಿ ಸುತ್ತಿಡು ಅಂತ ಹೇಳು."

"ನೀವೇ ಯೋಳಿ ಅಣ್ಣ."

"ನಾನು ಹೇಳಿದ್ರೆ ಕೇಳ್ತಾನಾ? ಬೇಕೂಂತ ಉಲ್ಟಾ ಮಾಡ್ತಾನೆ." ಈ ಸಲ ಬಾಯಿ ನಗುತ್ತಿರಲಿಲ್ಲ. ಹೊಟ್ಟೆಗಿಲ್ಲದೆ ಕೂತಿದ್ದ ಆ ಮನುಷ್ಯ ತಮ್ಮ ಕೆಡಿಸುವುದನ್ನು ನೋಡಲು ಬಂದವನು. ಈಗ ನೋಡಲಾರದೆ ಒದ್ದಾಡುತ್ತಿದ್ದ.

ನೆವಿಲ್ ಹೇಳಿದನೆಂದರೆ ಕೆಲಸ ಕೆಟ್ಟಿತು. ನಲ್ಲಿಯ ಪಕ್ಕದಲ್ಲಿ ಫಿಲೋ ಬೆಳೆಸಿದ ಬಾಳೆಗಿಡ ಕಂಡಿತು. "ಡೆರಿಕ್ಕಣ್ಣ," ಎಂದೆ, "ಇಂಗೆ ನಿಂತೋದಾಗ ನಮ್ಮ ಬಂಗಾರಪೇಟೆ ಕಡೆ ಬಾಳೆಎಲೇಲಿ ಸುತ್ತುತೀವಿ."

"ಹೌದಾ?"

"ಅಜ್ಜಿ ಕಾಲದಿಂದ್ಲೂ."

ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಫಿಲೋ ತಲೆ ಎತ್ತಿದಳು. ನಮ್ಮಜ್ಜಿಯ ಕೈಯೂಟ ಉಂಡವಳು ಅವಳು. ನಲ್ಲಿಯನ್ನು ಜೋರಾಗಿ ಬಿಟ್ಟು ಬಗ್ಗಿದಳು.

ಎಲೆ ಕೊಯ್ದು ಬಾಡಿಸಿದೆ. ಡೆರಿಕ್ ಮುಚ್ಚಳವನ್ನು ಬೆರಳಷ್ಟು ಎತ್ತಿ, ಉಸಿರಾಡಿಸಿ, ತೆಗೆದ. ಬಿಸಿ ಭುಜ ಎತ್ತಲು ಒಬ್ಬ, ಎಲೆ ಹಿಡಿಯಲು ಒಬ್ಬ, ಕಟ್ಟಲು ಒಬ್ಬ ಬೇಕಿತ್ತು. ಎಲೆ ಒಂದು ಕಡೆ ಸೀಳಿತು. ಮಾಂಸ ಜಾರಿತು. ನೆವಿಲ್ ಹ್ಯಾಟು ಎಸೆದು ಎದ್ದು, ಬರಿಗೈಯಲ್ಲೇ ಎಲೆಯನ್ನು ಕೆಳಗಿನಿಂದ ಹಿಡಿದ. "ಎತ್ತು," ಎಂದ ತಮ್ಮನಿಗೆ. ಡೆರಿಕ್ ಎತ್ತಿದ.

ಮುಚ್ಚಳ ಮುಚ್ಚಿದ ಮೇಲೆ ನೆವಿಲ್ ಕೂರಲಿಲ್ಲ. "ಕೆಳಗಿನ ಗಾಳಿ ಜಾಸ್ತಿ ಆಯ್ತು. ಡ್ಯಾಡಿ ಇದ್ದಿದ್ರೆ ಬೈತಿದ್ರು," ಎಂದ. ಅವರ ತಂದೆ ಗಣಿಯೊಳಗೆ ಗಾಳಿಬಾಗಿಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು.

"ಡ್ಯಾಡಿ ಕೆಳಗಿಂದು ಮುಟ್ತಾನೇ ಇರಲಿಲ್ಲ. ಮೇಲಿಂದು ಮುಚ್ತಿದ್ರು."

"ನೀನು ನೋಡಿದ್ದೆಯಾ? ನಿನಗೆ ಆಗ ಚಡ್ಡಿ ಹಾಕೋಕೆ ಬರ್ತಿರಲಿಲ್ಲ."

ಡ್ಯಾಡಿ ಯಾವ ಬಾಗಿಲು ಮುಚ್ಚುತ್ತಿದ್ದರೆಂದು ಅವರು ಕಾದಾಡಿದ್ದು ಒಂದು ತಾಸಿಗೂ ಹೆಚ್ಚು. ನಾನು ಬಿಟ್ಟುಬಂದೆ. ನೆವಿಲ್‌ನ ಹೆಂಡತಿ ಬಾಗಿಲಲ್ಲಿ ನಿಂತು ಆ ಜಗಳ ಕೇಳುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಎಲೆ ಬಿಚ್ಚಿದೆವು. ಮೂಳೆಯನ್ನು ಎರಡು ಬೆರಳಲ್ಲಿ ಎಳೆದರೆ ಕತ್ತರಿಸದೆ ಕಳಚಿಬಂತು. ಮುದ್ದೆ ಉಂಡು ಬೆಲ್ಟು ಸಡಿಲಿಸಿದ್ದವರೆಲ್ಲ ಮತ್ತೆ ತಟ್ಟೆ ಹಿಡಿದರು. ನೆವಿಲ್ ತಮ್ಮನ ಕುರ್ಚಿಯಲ್ಲಿ ಕೂತು ತಿಂದ. ತನ್ನದರಲ್ಲಿ ಬೇರೆ ಯಾರೋ ಕೂತಿದ್ದರು. ಬಾಳೆಎಲೆಯ ಬಗ್ಗೆ ಅವನೇ ಎಲ್ಲರಿಗೂ ಹೇಳಿದ. "ಬಂಗಾರಪೇಟೆ ಪದ್ಧತಿ. ಪೇಪರ್‌ಗಿಂತ ಚೆನ್ನಾಗಿದೆ."

ಹತ್ತು ಜನ ನನ್ನನ್ನು ಸುತ್ತಿಕೊಂಡರು. ಎಲೆಯ ಯಾವ ಮಗ್ಗುಲು ಒಳಗೆ, ಹಬ್ಬಕ್ಕೆ ಮಾಡುತ್ತೀರೋ ಮದುವೆಗೋ. ಹೊಳೆಯುವ ಮಗ್ಗುಲು ಒಳಗೆ, ಬೀಗರ ಊಟಕ್ಕೆ ಮಾತ್ರ ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಮಿಕ್ಕವು ತಾವೇ ಸಾಲಾಗಿ ಬಂದವು.

ಮತ್ತೆ ಬಂಗಾರಪೇಟೆ

ಡಿಸೆಂಬರಿನಲ್ಲಿ, ಕೆಜಿಎಫ್‌ನಲ್ಲಿರುವ ತಂದೆತಾಯಿಯ ಸಮಾಧಿಗೆ ಹೂವಿಡಲು ಪರ್ತ್‌ನಿಂದ ವಯಸ್ಸಾದ ದಂಪತಿ ಬಂದರು. ಕಾರು ನಿಲ್ಲಿಸಿ ಸೀದಾ ನಮ್ಮ ಹೋಟೆಲಿಗೆ ಬಂದು, ಬಂಗಾರಪೇಟೆ ಬಾಳೆಎಲೆ ಹೊಗೆ ಮಟನ್ ಎರಡು ಪ್ಲೇಟ್ ಕೇಳಿದರು.

"ಅಂತಾದ್ದು ಇಲ್ಲಿ ಯಾರೂ ಮಾಡಾಕಿಲ್ಲ ಸಾರ್," ಎಂದ ನಂಜಪ್ಪ, ಗಲ್ಲಾದಿಂದ.

ನಾನು ಸೌಟು ಬಿಟ್ಟು ಹೊರಗೆ ಓಡಿಬಂದೆ. "ಇವತ್ತು ಮುಗ್ದೋಯ್ತು. ನಾಳೆ ಸಂಜೆ ಬನ್ನಿ."

ಅವರು ಹೋದ ಮೇಲೆ ಗಂಡನಿಗೆ ಎಲ್ಲ ಹೇಳಬೇಕಾಯಿತು. ಪೂರ್ತಿ ಕೇಳಿ, "ಅಂಗಾದ್ರೆ ನಮ್ಮೂರಿಗೇ ಇಲ್ದಿರೋ ಅಡಿಗೇನ ನಮ್ಮೂರ ಎಸ್ರಲ್ಲಿ ಮಾರ್ಬುಟ್ಟು ಬಂದಿದ್ದೀಯ," ಎಂದ.

ಕ್ಯಾಸಂಬಳ್ಳಿಯ ತವರಿನ ಅಟ್ಟದಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ ಒಂದು ಖಾಲಿ ಬಿದ್ದಿತ್ತು. ಟೆಂಪೋದಲ್ಲಿ ತರಿಸಿ, ಬಡಿದು ನೋಡಿದೆ. ಈ ಸಲ ಒಳಗೆ ಏನೂ ಇಲ್ಲವೆಂದು ಮೊದಲೇ ನೋಡಿಕೊಂಡೆ. ಗಾರೆ ಕೆಲಸದವನಿಂದ ಕೆಳಗೊಂದು ಕಿಂಡಿ ಕೊರೆಸಿ, ಒಳಗೆ ಕೆಂಡ, ಕೆಂಡದ ಮೇಲೆ ಕಡಪ ಕಲ್ಲು, ಅದರ ಮೇಲೆ ಜಾಲರಿ ಇಟ್ಟೆ. ಸೇಬಿನ ಮರ ನಮ್ಮಲ್ಲೆಲ್ಲಿ, ಮಾವಿನ ತುಂಡು ಹಾಕಿದೆ. ನಂಜಪ್ಪ ಅರ್ಧ ಗಂಟೆಗೊಮ್ಮೆ ಬಂದು ಮುಚ್ಚಳಕ್ಕೆ ಕೈಹಾಕುತ್ತಿದ್ದ. ಸ್ಟೂಲು ಹಾಕಿಕೊಂಡು ಅದರ ಪಕ್ಕ ಕಾವಲು ಕೂತೆ.

ಆ ದಂಪತಿ ಬಂದರು, ತಿಂದರು, ಪರ್ತ್‌ನದಕ್ಕಿಂತ ಅಸಲಿ ರುಚಿ ಎಂದರು. ಮಿಕ್ಕ ತುಂಡನ್ನು ನಂಜಪ್ಪ ನಿಂತುಕೊಂಡೇ ಬಾಯಿಗೆ ಹಾಕಿಕೊಂಡ. ಎರಡು ದಿನ ಬಿಟ್ಟು ಪೇಂಟರನ್ನು ಕರೆಸಿ ಬೋರ್ಡು ಬರೆಸಿದ: ಭಾನುವಾರ ಮಾತ್ರ, ಹಳೇಕಾಲದ ಬಾಳೆಎಲೆ ಹೊಗೆ ಮಟನ್.

ಮೊನ್ನೆ ಭಾನುವಾರ ಬೆಂಗಳೂರಿನ ಗಿರಾಕಿಯೊಬ್ಬರು ಕೈ ನೆಕ್ಕುತ್ತ, ಇದು ಎಷ್ಟು ಹಳೆಯದು ಎಂದು ಕೇಳಿದರು. ನಂಜಪ್ಪ ಟವಲು ಹೆಗಲಿಗೆ ಹಾಕಿಕೊಂಡು ಅವರ ಎದುರು ಕೂತ.

"ನಮ್ಮ ತಾತನ ಕಾಲದ್ದು ಸಾರ್. ಗಣಿ ದೊರೆಗಳು ಕುದ್ರೆ ಮ್ಯಾಲೆ ಬಂದು ಕೇಳಿ ಮಾಡಿಸ್ಕೊಂಡು ತಿಂತಿದ್ರಂತೆ. ನಮ್ಮ ತಾತನ ಕೈಗುಣ ಅದು."

ಆ ತಾತ ಕತ್ತಿಗೆ ತುಳಸಿಮಣಿ ಹಾಕಿಕೊಂಡಿದ್ದವರು. ಸಾಯುವವರೆಗೂ ಕೋಳಿಮೊಟ್ಟೆಯನ್ನೂ ಮುಟ್ಟಲಿಲ್ಲ.

ಗಿರಾಕಿ ನನ್ನ ಕಡೆ ತಿರುಗಿ, "ಹೌದೇನಮ್ಮಾ?" ಎಂದರು.

ನಾನು ಅವರ ಎಲೆಗೆ ಇನ್ನೊಂದು ತುಂಡು ಬಡಿಸಿದೆ.